ಚಂಪಿಯ ಹಲ್ಲಿಗೆ ತಡೆಯುವಂಥದ್ದು

ನಾಯಿಯ ಆಟದ ಸಾಮಾನು ಕೈಗೆ ಬಂದರೆ ಮೊದಲು ಉಗುರಿನಿಂದ ಒತ್ತಿ ನೋಡುತ್ತೇನೆ. ಒತ್ತಿದಲ್ಲಿ ಸಣ್ಣ ಗುರುತು ಬಿದ್ದು ಮೆಲ್ಲಗೆ ಮಾಯವಾದರೆ ಸೈ. ಉಗುರಿಗೇ ನೋವಾದರೆ ಸಾಮಾನು ವಾಪಸ್ಸು. ಆಮೇಲೆ ತಿರುಚುವುದು, ಎಳೆಯುವುದು, ಹೊಲಿಗೆಯ ಸಂದಿಗೆ ಹೆಬ್ಬೆರಳು ತೂರಿಸುವುದು, ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸುವುದು. ಭಟ್ಕಳ, ಕುಂದಾಪುರದ ಅಂಗಡಿಗಳಲ್ಲಿ ಇಷ್ಟೆಲ್ಲ ಮಾಡುವಾಗ ಜನ ನೋಡುತ್ತಾರೆ. ನೋಡಲಿ. ಸೀರೆ ಅಂಗಡಿಯಲ್ಲಿ ಸೆರಗು ಹಿಂಡಿ ನೋಡುವವರನ್ನು ಯಾರೂ ಏನೂ ಕೇಳುವುದಿಲ್ಲವಲ್ಲ.

ನಮ್ಮ ಶಿರೂರಿನಲ್ಲಿ ನಾಯಿಗೆ ಅನ್ನ ಹಾಕದ ಮನೆ ಕಡಿಮೆ, ಆಟದ ಸಾಮಾನು ತರುವ ಮನೆ ಇನ್ನೂ ಕಡಿಮೆ. "ಹ್ವಾಯ್, ನಾಯಿಗೂ ಆಟ್ದ್ ಸಾಮಾನಾ? ನಾವ್ ಸಣ್ಣ್ ಇಪ್ಪತಿಗೆ ನಮ್ಗೇ ಇರ್ಲಿಲ್ಲ ಮಾರಾಯ್ರೆ" ಎಂದು ಪಕ್ಕದ ಮನೆಯ ಶೆಟ್ರು ನಗುತ್ತಾರೆ. ಮಾತು ನಿಜವೇ. ಆದರೆ ನಾಯಿ ತನ್ನ ಆಟದ ಸಾಮಾನನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ. ಶೆಟ್ರ ಎಡಗಾಲಿನ ಚಪ್ಪಲಿ ಹೋದದ್ದು ಹಾಗೆಯೇ.

ನಮ್ಮಲ್ಲಿರುವುದು ಎರಡು. ರಾಜು ಲ್ಯಾಬ್ರಡಾರ್ ಬೆರಕೆ; ಅವನದು ಜಗಿಯುವ ಆಟ. ಮುಂಗಾಲುಗಳ ನಡುವೆ ವಸ್ತುವನ್ನು ನಿಲ್ಲಿಸಿಕೊಂಡು, ತಲೆ ಓರೆ ಮಾಡಿ, ಬದಿಯ ಹಲ್ಲಿಗೆ ಕೊಟ್ಟು, ಕಣ್ಣು ಅರ್ಧ ಮುಚ್ಚಿಕೊಂಡು ಗಂಟೆಗಟ್ಟಲೆ ಕೂರುತ್ತಾನೆ. ಚಂಪಿ ಊರಿನ ಕಂತ್ರಿ. ಅವಳಿಗೆ ಜಗಿಯುವ ತಾಳ್ಮೆ ಇಲ್ಲ. ಕಚ್ಚಿ, ಎಡಕ್ಕೂ ಬಲಕ್ಕೂ ಕೊಡವಿ, ಎಸೆದು, ಮತ್ತೆ ಹಾರಿ ಹಿಡಿಯುತ್ತಾಳೆ. ಇಲಿ ಹೆಗ್ಗಣ ಹಿಡಿದ ನಾಯಿ ಅದರ ಕತ್ತು ಮುರಿಯಲು ಮಾಡುವ ಕೆಲಸವೇ ಇದು. ಹೊಟ್ಟೆ ತುಂಬಿದ ಮೇಲೆ ಆಟವಾಗಿದೆ. ಒತ್ತಿದರೆ ಕೀಂಯ್ ಎನ್ನುವ ಬೊಂಬೆ ಕೊಟ್ಟರೆ ಆ ಕೀಂಯ್ ನಿಲ್ಲುವ ತನಕ ಅವಳಿಗೆ ನಿದ್ದೆಯಿಲ್ಲ. ಹೊಟ್ಟೆ ಸೀಳಿ ಒಳಗಿನ ಪ್ಲಾಸ್ಟಿಕ್ ಪೀಪಿ ಹೊರಗೆ ಎಳೆದ ಮೇಲೇ ಸಮಾಧಾನ. ಹೀಗಾಗಿ ಅಂಗಡಿಯವರು ಹೇಳುವ "ತುಂಬಾ ಗಟ್ಟಿ ಸಾರ್" ನನಗೆ ಉಪಯೋಗಕ್ಕೆ ಬರುವುದಿಲ್ಲ. ಯಾರ ಬಾಯಿಗೆ ಗಟ್ಟಿ?

ಬರೀ ಗಟ್ಟಿಯಾದದ್ದೇ ಬೇಕಾಗಿದ್ದರೆ ಅಂಗಡಿಗೆ ಯಾಕೆ ಹೋಗಬೇಕು, ಅಂಗಳದ ತುಂಬ ಮುರಕಲ್ಲಿದೆ. ರಾಜು ಅದನ್ನೂ ಕಚ್ಚಿಕೊಂಡು ಬರುತ್ತಾನೆ. ದೊಡ್ಡ ನಾಯಿಯ ಬಾಯಲ್ಲಿ ನಲವತ್ತೆರಡು ಹಲ್ಲು. ಆದರೆ ಹಲ್ಲಿನ ಹೊರಗಿನ ಬಿಳಿ ಪದರ ನಮ್ಮದಕ್ಕಿಂತ ತೆಳು, ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕಲ್ಲು, ಜಿಂಕೆ ಕೊಂಬು, ಒಣಮೂಳೆ ಜಗಿಯುವ ನಾಯಿಗಳಲ್ಲಿ ಮೇಲ್ದವಡೆಯ ಬದಿಯ ದೊಡ್ಡ ಹಲ್ಲು ಚಕ್ಕೆ ಎದ್ದು, ಒಳಗಿನ ನರ ತೆರೆದುಕೊಳ್ಳುವುದು ಪಶುವೈದ್ಯರಿಗೆ ಹೊಸದಲ್ಲ. ಬೇಯಿಸಿದ ಕೋಳಿಮೂಳೆಯದು ಬೇರೆ ಕಥೆ, ಅದು ಚೂಪಾಗಿ ಸಿಗಿದು ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಒಳ್ಳೆಯ ಸಾಮಾನು ಹಲ್ಲಿಗೆ ಸ್ವಲ್ಪ ಸೋಲಬೇಕು, ಹಲ್ಲು ಬಿಟ್ಟ ಕೂಡಲೇ ಎದ್ದು ನಿಲ್ಲಬೇಕು.

ರಬ್ಬರಿನಷ್ಟು ಚೆನ್ನಾಗಿ ಈ ಕೆಲಸ ಮಾಡುವುದು ಬೇರೆ ಇಲ್ಲ. ನಮ್ಮ ತಾಲೂಕಿನ ಜಡ್ಕಲ್, ಮುದೂರು ಕಡೆಯ ತೋಟಗಳಲ್ಲಿ ಮರ ಗೀರಿ ಹಾಲು ಇಳಿಸಿ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ ಶೀಟು ಮಾಡಿ ಹೊಗೆಗೆ ಹಾಕುತ್ತಾರೆ. ಆ ಶೀಟಿಗೆ ಗಂಧಕ ಬೆರೆಸಿ ಬಿಸಿ ಮಾಡಿದರೆ ಅದರ ಗುಣವೇ ಬದಲು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಗುಟ್ಟು ಅದು. ನಾಯಿಗೂ ರಬ್ಬರಿಗೂ ಗಂಟು ಬಿದ್ದದ್ದು ಮಾತ್ರ 1970ರ ದಶಕದಲ್ಲಿ, ಅಮೆರಿಕದ ಕೊಲೊರಾಡೊದಲ್ಲಿ. ಜೋ ಮಾರ್ಕಮ್ ಎಂಬಾತನ ಫ್ರಿಟ್ಜ್ ಎಂಬ ಜರ್ಮನ್ ಶೆಫರ್ಡ್ ನಮ್ಮ ರಾಜುವಿನ ಹಾಗೆ ಕಲ್ಲು ಜಗಿದು ಹಲ್ಲು ಸವೆಸಿಕೊಂಡಿತ್ತು. ಮಾರ್ಕಮ್ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡುತ್ತ ಬಿಚ್ಚಿದ ಭಾಗಗಳನ್ನು ಪಕ್ಕಕ್ಕೆ ಎಸೆಯುತ್ತಿದ್ದಾಗ, ಸಸ್ಪೆನ್ಷನ್ನಿನ ರಬ್ಬರ್ ತುಂಡೊಂದನ್ನು ಫ್ರಿಟ್ಜ್ ಕಚ್ಚಿಕೊಂಡು ಹೋಯಿತು. ಅದೇ ಆಕಾರದಲ್ಲಿ, ಮೂರು ಉಂಡೆ ಒಂದರ ಮೇಲೊಂದು ಕೂತ ಹಾಗೆ, ಕಾಂಗ್ ಎಂಬ ಆಟಿಕೆ ಹುಟ್ಟಿತು. ಕೆಂಪು ಸಾಮಾನ್ಯ ನಾಯಿಗೆ, ಕಪ್ಪು ರಾಜುವಿನಂಥವನಿಗೆ. ಬೆಲೆ ಕೇಳಿದರೆ ಒಂದು ಕ್ಷಣ ಕೂತು ಏಳಬೇಕಾಗುತ್ತದೆ, ಸುಳ್ಳು ಹೇಳುವುದಿಲ್ಲ. ಹಾಗೆಂದು ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಹಳೆ ಟಯರು ತಂದು ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಟಯರಿನ ಅಂಚಿನೊಳಗೆ ಉಕ್ಕಿನ ತಂತಿ ಇರುತ್ತದೆ.

ಚಂಪಿಗೆ ಬೇಕಾದದ್ದು ಹಗ್ಗ. ಅಳ್ವೆಗದ್ದೆಯ ಬಂದರಿನಲ್ಲಿ ಹಗ್ಗಕ್ಕೆ ಬರವಿಲ್ಲ, ಆದರೆ ಅದು ನಾಯಿಗೆ ಆಗದು. ಬಿಸಿಲು ತಿಂದ ಪ್ಲಾಸ್ಟಿಕ್ ಹಗ್ಗ ಚೂರುಚೂರಾಗಿ ಉದುರುತ್ತದೆ, ಡೀಸೆಲ್ ಬೇರೆ ಕುಡಿದಿರುತ್ತದೆ. ಬಲೆಯ ತುಂಡಂತೂ ಬೇಡವೇ ಬೇಡ. ಅದಕ್ಕೆ ಕಟ್ಟಿದ ಸೀಸದ ಗುಂಡು ವಿಷ. ನೈಲಾನ್ ದಾರ ಹೊಟ್ಟೆ ಸೇರಿದರೆ ಕರುಳನ್ನು ನೆರಿಗೆ ನೆರಿಗೆಯಾಗಿ ಎಳೆದುಬಿಡುತ್ತದೆ. ಬಂದರಿನಿಂದ ನಾನು ತಂದದ್ದು ಕೈಕೆಲಸ ಮಾತ್ರ. ಬಲೆ ರಿಪೇರಿಗೆ ಕೂತಿದ್ದ ಅಣ್ಣನೊಬ್ಬ ಹಗ್ಗದ ತುದಿಯನ್ನು ಗಂಟಿಲ್ಲದೆ ಮುಗಿಸುವುದನ್ನು ತೋರಿಸಿಕೊಟ್ಟ. ಮೂರು ಎಳೆಯನ್ನು ಗೇಣುದ್ದ ಬಿಡಿಸಬೇಕು. ಒಂದರ ಮೇಲೊಂದು ಮಡಚಿ ತುದಿಗೆ ಕಿರೀಟದಂತೆ ಕೂರಿಸಿ ಬಿಗಿಯಬೇಕು. ಆಮೇಲೆ ಪ್ರತಿ ಎಳೆಯನ್ನೂ ಹಿಂದಕ್ಕೆ ತಿರುಗಿಸಿ, ಹಗ್ಗದ ಒಂದು ಎಳೆಯ ಮೇಲೆ ಹಾಯಿಸಿ ಮುಂದಿನದರ ಕೆಳಗೆ ತೂರಿಸುತ್ತ ಹೋಗಬೇಕು. ದಪ್ಪ ಹತ್ತಿ ಹಗ್ಗಕ್ಕೆ ಹೀಗೆ ಮಾಡಿದರೆ ತುದಿ ಬೆರಳಿನಷ್ಟು ದಪ್ಪ ಉಬ್ಬಿ ಹಿಡಿಕೆಯಾಗುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಮಳೆಗಾಲದ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಎಳೆದಾಡುವಾಗ ಹಗ್ಗ ಅವಳ ಕತ್ತಿನ ಮಟ್ಟಕ್ಕೇ ಇರಬೇಕು, ಮೇಲಕ್ಕೆ ಜಗ್ಗಬಾರದು. ಆಟ ಮುಗಿದ ಮೇಲೆ ಹಗ್ಗ ಗೂಟಕ್ಕೆ. ಜುಂಗು ಎದ್ದರೆ ಕತ್ತರಿಸಬೇಕು.

ಟೆನ್ನಿಸ್ ಚೆಂಡು ನನ್ನ ಪಟ್ಟಿಯಲ್ಲಿಲ್ಲ. ಹೊಯ್ಗೆ ಹಿಡಿದ ಅದರ ಜುಂಗು ಹಲ್ಲು ಉಜ್ಜಿ ಸವೆಸುತ್ತದೆ, ರಾಜು ಬೇರೆ ಅದನ್ನು ಎರಡು ಹೋಳು ಮಾಡಿ ನುಂಗಲು ನೋಡುತ್ತಾನೆ. ಬಾಯಿಯ ಹಿಂಭಾಗಕ್ಕೆ ಜಾರುವಷ್ಟು ಸಣ್ಣ ಚೆಂಡು ಯಾವುದೇ ಇರಲಿ, ಬೇಡ. ಮಾವಿನ ಕಾಲದಲ್ಲಿ ಗೊರಟಿನ ಮೇಲೂ ಕಣ್ಣಿಡಬೇಕು, ನುಂಗಿದರೆ ಕರುಳಿನಲ್ಲಿ ಅಡ್ಡ ಕೂರುತ್ತದೆ.

ಹಾಳು ಮಾಡುವುದಕ್ಕೆಂದೇ ಕೊಡುವ ಸಾಮಾನೂ ಬೇಕು. ಅದಕ್ಕೆ ಅಡಿಕೆ ಹಾಳೆ ಇದೆ. ಚಂಪಿ ಬುಡ ಕಚ್ಚಿ ಎಳೆದುಕೊಂಡು ಓಡಿದರೆ ಅಂಗಳದ ಜಲ್ಲಿಯ ಮೇಲೆ ಬರಬರ ಶಬ್ದ. ತಾನೇ ಮಾಡಿದ ಶಬ್ದಕ್ಕೆ ತಾನೇ ಬೆದರಿ ಇನ್ನೂ ಜೋರು ಓಡುತ್ತಾಳೆ. ನಾರು ಏಳುವ ತನಕ ಆಡಿಸಿ ಬಚ್ಚಲೊಲೆಗೆ ಹಾಕಿದರಾಯಿತು. ಖರ್ಚಿಲ್ಲ.

ರಾಜುವಿಗೆ ರಾತ್ರಿಯೇ ಏರ್ಪಾಡು ಆಗಬೇಕು. ಕುಚ್ಚಲಕ್ಕಿ ಗಂಜಿಯ ಅಗುಳಿಗೆ ಉಪ್ಪು ಹಾಕದೆ ಬೇಯಿಸಿ ಮುಳ್ಳು ಬಿಡಿಸಿದ ಬಂಗುಡೆ ಕಲಸಿ, ಆ ಕಪ್ಪು ಕಾಂಗಿನ ಪೊಳ್ಳಿನೊಳಗೆ ತುರುಕಿ ಫ್ರೀಜರಿನಲ್ಲಿಡುತ್ತೇನೆ. ನೀರುಳ್ಳಿ, ಬೆಳ್ಳುಳ್ಳಿ ಸೋಕಬಾರದು, ನಾಯಿಯ ರಕ್ತಕ್ಕೆ ಅವು ಆಗವು. ಮನೆಯವಳ ತಕರಾರು ಒಂದೇ: ಐಸ್‌ಕ್ರೀಮಿನ ಡಬ್ಬಿಯ ಪಕ್ಕದಲ್ಲಿ ಅದನ್ನು ಇಡಬಾರದು. ಸದ್ಯಕ್ಕೆ ಕೆಳಗಿನ ಖಾನೆ ರಾಜುವಿಗೆ, ಮೇಲಿನದು ನಮಗೆ ಎಂದು ಒಪ್ಪಂದವಾಗಿದೆ.