ಮಾಗಿಯ ಚಳಿಗೆ ಜೀನ್ಸ್

ಸೋದರಿಯರೇ, ಜೀನ್ಸ್ ಎಂದ ಕೂಡಲೇ ಈ ಪುಟ ತಿರುವಿ ಅಡುಗೆಯ ಪುಟಕ್ಕೆ ಹೋಗಬೇಡಿ. ಅದು ಪಟ್ಟಣದ ಹುಡುಗಿಯರ ಷೋಕಿ, ನಮಗೇಕೆ ಎಂದು ನೀವು ಅನ್ನಬಹುದು. ಒಂದು ಸಲ ಮಾರ್ಗಶಿರ, ಪುಷ್ಯ ಮಾಸದ ನಸುಕಿನಲ್ಲಿ ನಮ್ಮ ಮೇಡ್ಲೇರಿಯ ಬಸ್ ನಿಲ್ಲುವ ಜಾಗಕ್ಕೆ ಬಂದು ನೋಡಿ. ರಾಣೇಬೆನ್ನೂರಿನ ಕಾಲೇಜುಗಳಿಗೆ ಹೋಗುವ ಹುಡುಗಿಯರು ತೆಳ್ಳನೆಯ ಚೂಡಿದಾರದಲ್ಲಿ ನಡುಗುತ್ತ ನಿಂತಿರುತ್ತಾರೆ. ಮೈಮೇಲೆ ಸ್ವೆಟರ್ ಇದೆ, ತಲೆಗೆ ಸ್ಕಾರ್ಫ್ ಇದೆ. ಸೊಂಟದಿಂದ ಕೆಳಗಿನ ಚಳಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಎರೆಹೊಲದ ಮೇಲಿಂದ ಬೀಸಿ ಬರುವ ಗಾಳಿಯನ್ನು ಆ ಬಟ್ಟೆ ಹೇಗೆ ತಡೆದೀತು?

ನನ್ನ ಮಗಳು ಪಿಯುಸಿ ಸೇರಿದ ವರ್ಷವೇ ನಾನು ಅವಳಿಗೊಂದು ಜೀನ್ಸ್ ಕೊಡಿಸಿದೆ. ಮನೆಯಲ್ಲಿ ಮಾತು ಬರದೇ ಇರುತ್ತದೆಯೇ? "ಹೆಣ್ಮಕ್ಕಳಿಗೆ ಗಂಡಸರ ಪ್ಯಾಂಟ್ ಯಾಕ ಬೇಕವ್ವಾ?" ಎಂದರು ನಮ್ಮ ಅತ್ತೆ. "ಅತ್ತಿ, ಚಳಿ ಇದ್ದಾಗ ಹೊಲಕ್ಕ ಹೋಗೋರು ಸೀರಿ ಮ್ಯಾಲ ಗಂಡನ ತುಂಬುತೋಳಿನ ಅಂಗಿ ಹಾಕ್ಕೊಂತಾರಲ್ರಿ, ಅವರಿಗೆ ಯಾರರ ಏನರ ಅಂತಾರೇನ್ರಿ?" ಎಂದೆ. ಅವರು ಸುಮ್ಮನಾದರು. ನಾನು ಇನ್ನೊಂದು ಮಾತೂ ನೆನಪಿಸಿದೆ. ಅವರ ತಾಯಿ ಜೀವನವಿಡೀ ಕಚ್ಚೆ ಹಾಕಿ ಸೀರೆ ಉಟ್ಟವರು. ಎರಡೂ ಕಾಲಿಗೆ ಬೇರೆ ಬೇರೆ ಬಟ್ಟೆ ಬರಬೇಕು, ಬಾಗಿದರೂ ಓಡಿದರೂ ಅಡ್ಡಿಯಾಗಬಾರದು ಎಂಬುದೇ ಅಲ್ಲವೇ ಕಚ್ಚೆಯ ಅನುಕೂಲ! ಕೆಲಸ ಮಾಡುವ ಹೆಂಗಸಿಗೆ ಇಂಥ ಉಡುಪು ಹೊಸದೇನಲ್ಲ.

ಇಷ್ಟಕ್ಕೂ ಜೀನ್ಸ್ ಹುಟ್ಟಿದ್ದು ದುಡಿಮೆಗಾಗಿ. ಅದರ ಹುಟ್ಟಿನಲ್ಲಿ ಗೃಹಿಣಿಯೊಬ್ಬಳ ಪಾತ್ರವೂ ಇದೆ. ಅಮೆರಿಕದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದ. ಮರ ಕಡಿಯುವವನೊಬ್ಬನ ಹೆಂಡತಿ ಅವನ ಹತ್ತಿರ ಬಂದು, ತನ್ನ ಗಂಡನಿಗೆ ಬೇಗ ಹರಿಯದಂಥ ಪ್ಯಾಂಟ್ ಹೊಲಿದುಕೊಡು ಎಂದು ಕೇಳಿದಳು. ಅವನು ಜೇಬಿನ ಮೂಲೆಗಳಿಗೆ ತಾಮ್ರದ ಮೊಳೆ ಬಡಿದು ಗಟ್ಟಿ ಮಾಡಿಕೊಟ್ಟ. ಆಮೇಲೆ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಅದೇ ಕಂಪನಿ ಹೆಂಗಸರಿಗೆಂದೇ ಜೀನ್ಸ್ ಹೊಲಿದದ್ದು ಮಾತ್ರ 1934ರಲ್ಲಿ. ಕೇಳಿದವಳು ಹೆಂಗಸು, ಹೆಂಗಸರಿಗೆ ಸಿಕ್ಕಿದ್ದು ಅರವತ್ತು ವರ್ಷದ ನಂತರ! ಈಗ ಅಷ್ಟು ದೂರ ಹೋಗುವುದೇ ಬೇಡ. ಹೊಳೆ ದಾಟಿ ಪೂರ್ವಕ್ಕೆ ಹೋದರೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವುದೇ ಸಾವಿರಾರು ಜನರ ಜೀವನ. ಅಲ್ಲಿ ಮಷಿನ್ ಮುಂದೆ ಕೂತವರಲ್ಲಿ, ದಾರ ಕತ್ತರಿಸುವವರಲ್ಲಿ, ಗುಂಡಿ ಹಾಕುವವರಲ್ಲಿ ಹೆಂಗಸರು ಬಹಳ.

ಇನ್ನು ಕೊಳ್ಳುವ ಮಾತು. ಬಿಗಿಯಾಗಿದ್ದಷ್ಟೂ ಬೆಚ್ಚಗೆ ಎಂದು ಹುಡುಗಿಯರು ತಿಳಿದಿದ್ದಾರೆ. ಹಾಗಿಲ್ಲ. ಕಂಬಳಿ ಏಕೆ ಬೆಚ್ಚಗೆ ಹೇಳಿ? ಉಣ್ಣೆಯ ಎಳೆಗಳ ನಡುವೆ ಗಾಳಿ ನಿಂತಿರುತ್ತದೆ, ಮೈಯ ಕಾವು ಹೊರಗೆ ಹೋಗದ ಹಾಗೆ ಅದು ತಡೆಯುತ್ತದೆ. ಜೀನ್ಸ್ ಹತ್ತಿಯ ಬಟ್ಟೆ. ಅದು ಚರ್ಮಕ್ಕೆ ಅಂಟಿಕೊಂಡಿದ್ದರೆ ನಡುವೆ ಗಾಳಿಗೆ ಜಾಗವೇ ಇಲ್ಲ, ಹೊರಗಿನ ತಂಪು ನೇರ ತೊಡೆಗೇ ಬಡಿಯುತ್ತದೆ. ತೊಡೆಯ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರೆ ಒಂದು ಅಂಗುಲವಾದರೂ ಸಿಗಬೇಕು. ಒಳಗೆ ತೆಳುವಾದ ಹತ್ತಿಯ ಲೆಗಿಂಗ್ಸ್ ಹಾಕುವವರು ಅದನ್ನು ಹಾಕಿಕೊಂಡೇ ಅಂಗಡಿಗೆ ಹೋಗಿ ಅಳತೆ ನೋಡಿ. ಒಳಗಿನ ಚೀಟಿಯನ್ನೂ ಓದಿ. ನೂರಕ್ಕೆ ಒಂದೆರಡು ಭಾಗ ಹಿಗ್ಗುವ ನೂಲು ಸೇರಿದ್ದರೆ ಕೂತೇಳಲು ಸುಲಭ, ಅದಕ್ಕಿಂತ ಹೆಚ್ಚಿದ್ದು ಬೇಗ ಜೋತುಬೀಳುತ್ತದೆ.

ಟ್ರಯಲ್ ರೂಮಿನಲ್ಲಿ ಎಲ್ಲರೂ ಕನ್ನಡಿ ಮುಂದೆ ನಿಂತು ನೋಡುತ್ತಾರೆ. ನೀವು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ನೋಡಿ. ನಾವು ನೆಲದಲ್ಲಿ ಕೂತು ಉಣ್ಣುವವರು, ರೊಟ್ಟಿ ಬಡಿಯುವವರು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಅಲ್ಲೇ ಬುತ್ತಿ ಬಿಚ್ಚುವವರು. ಕೂತಾಗ ಹೊಟ್ಟೆ ಒತ್ತಬಾರದು, ಹಿಂದೆ ಸೊಂಟ ಕಾಣಬಾರದು. ಅದಕ್ಕೇ ಹೊಕ್ಕುಳವರೆಗೆ ಬರುವ ಎತ್ತರದ ಸೊಂಟದ್ದೇ ನಮಗೆ ಸರಿ. ತಿಂಗಳ ದಿನಗಳಲ್ಲಿ ಮಾತ್ರ ಬಿಗಿಯಾದದ್ದು ಬೇಡವೇ ಬೇಡ.

ನಮ್ಮ ಕಡೆಯ ಚಳಿ ನಿಮಗೆ ಗೊತ್ತೇ ಇದೆ, ಬೆಳಿಗ್ಗೆ ಮೂಗು ತಣ್ಣಗೆ, ಮಧ್ಯಾಹ್ನ ಬೆವರು. ಆದ್ದರಿಂದ ತೆಗೆದು ಚೀಲದಲ್ಲಿ ಇಡುವಂಥದ್ದೇ ಮೇಲೆ ಇರಲಿ. ಮೊಣಕಾಲಿನವರೆಗೆ ಬರುವ ಕುರ್ತಾ, ಅದರ ಮೇಲೆ ಶಾಲು ಅಥವಾ ಸ್ವೆಟರ್. ನನ್ನ ಮಗಳಿಗೆ ಗುಳೇದಗುಡ್ಡದ ಖಣದಲ್ಲಿ ಒಂದು ತೋಳಿಲ್ಲದ ಜಾಕೀಟು ಹೊಲಿಸಿದ್ದೇನೆ. ಗಾಢ ನೀಲಿ ಜೀನ್ಸಿನ ಮೇಲೆ ಆ ಕೆಂಪು ಖಣ ಎಷ್ಟು ಒಪ್ಪುತ್ತದೆ ಎಂದರೆ ಪೇಟೆಯ ಫ್ಯಾಶನ್ ಅದರ ಮುಂದೆ ಸಪ್ಪೆ. ಕಾಲಿಗೆ ಸಾಕ್ಸ್ ಮರೆಯಬೇಡಿ. ಬರಿಗಾಲಿಗೆ ಚಪ್ಪಲಿ ಮೆಟ್ಟಿ ಎಂಥ ಜೀನ್ಸ್ ಹಾಕಿದರೂ ಚಳಿ ಹೋಗದು.

ಹೋದ ವರ್ಷ ಅವಳನ್ನು ನೋಡಲು ಒಂದು ಕಡೆಯವರು ಬಂದಿದ್ದರು. ಅವಲಕ್ಕಿ, ಚಹಾ ಆಯಿತು. ಹುಡುಗನ ದೊಡ್ಡಮ್ಮ ಕೇಳಿದರು: "ಹುಡುಗಿ ಜೀನ್ಸ್ ಹಾಕ್ತಾಳಂತಲ್ರಿ?" ನಾನು ಬಾಯಿ ತೆರೆಯುವ ಮೊದಲೇ ಮಗಳು, "ಹೌದ್ರಿ ದೊಡ್ಡಮ್ಮಾರ, ಚಳಿ ಇದ್ದಾಗ ಹಾಕ್ತೀನ್ರಿ" ಎಂದಳು. ಆ ಸಂಬಂಧ ಕೂಡಿ ಬರಲಿಲ್ಲ. ಕೊಡುವ ತೆಗೆದುಕೊಳ್ಳುವ ಮಾತೂ ನಡುವೆ ಇತ್ತು, ಆದರೆ ಊರಲ್ಲಿ ಹಬ್ಬಿದ್ದು ಜೀನ್ಸಿನ ಸುದ್ದಿಯೇ. ನಮ್ಮವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಗಳು ಅದೇ ಜೀನ್ಸ್ ಹಾಕಿಕೊಂಡು ಬಸ್ಸಿಗೆ ಹೊರಟಾಗ, "ಸಾಕ್ಸ್ ಹಾಕ್ಕೊಂಡ್ಯೇನವಾ?" ಎಂದು ಕೇಳಿದರು.

ನನಗೆ ನಿಜವಾಗಿ ಸಂಕಟವಾಗುವುದು ಬೇರೆ. ಮದುವೆಯಾದ ಕೂಡಲೇ ನಮ್ಮ ಹುಡುಗಿಯರ ಜೀನ್ಸ್ ಟ್ರಂಕ್ ಸೇರುತ್ತದೆ. ತಾಳಿ ಕಟ್ಟಿದ ಮೇಲೆ ಚಳಿ ಆಗುವುದಿಲ್ಲವೇ? ಸೊಸೆಯೂ ನಸುಕಿನಲ್ಲೇ ಏಳುತ್ತಾಳೆ, ಹಾಲು ಕರೆಯುತ್ತಾಳೆ, ಕೆಲವರು ಸ್ಕೂಟಿಯಲ್ಲಿ ಕೆಲಸಕ್ಕೂ ಹೋಗುತ್ತಾರೆ. ಮನೆಯಲ್ಲಿ ಸೊಸೆಯಿರುವ ಅತ್ತೆಯರು ಇದನ್ನು ಓದುತ್ತಿದ್ದರೆ, ಒಂದು ದಿನ ನೀವೇ ಬಾಯಿ ಬಿಟ್ಟು "ಹಾಕ್ಕೋ" ಎಂದು ಹೇಳಿ ನೋಡಿ. ಅವಳಾಗಿ ಕೇಳುವುದಿಲ್ಲ.

ಒಗೆಯುವುದರಲ್ಲಿ ಚಳಿಗಾಲದ ತೊಂದರೆಯೇ ಬೇರೆ. ದಪ್ಪ ಬಟ್ಟೆ, ಬೇಗ ಒಣಗದು. ಸೊಂಟಪಟ್ಟಿ, ಜೇಬು, ಕವಲಿನಲ್ಲಿ ಹಸಿ ಉಳಿದಿರುತ್ತದೆ, ಮೇಲೆ ಮುಟ್ಟಿದರೆ ತಿಳಿಯುವುದಿಲ್ಲ. ಹಾಗೇ ಹಾಕಿಕೊಂಡರೆ ಚಳಿಯೂ ಹೌದು, ತುರಿಕೆ, ಗಜಕರ್ಣಕ್ಕೂ ದಾರಿ. ಬೆಳಿಗ್ಗೆ ಬೇಗ ಒಗೆದು, ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಎಳೆದು ಸೊಂಟ ಮೇಲೆ ಮಾಡಿ ಗಾಳಿಯಾಡುವಲ್ಲಿ ಹಾಕಿ. ಎರಡು ಜೊತೆ ಇದ್ದರೆ ಅವಸರವಿರದು. ಪ್ರತಿ ಸಲ ಹಾಕಿದ ಮೇಲೆ ಒಗೆಯಲೇಬೇಕೆಂದೂ ಇಲ್ಲ. ಕಲ್ಲಿಗೆ ಬಡಿಯಬೇಡಿ, ಬಿಸಿನೀರು ಬೇಡ. ನೀಲಿ ಬಣ್ಣ ನೂಲಿನ ಮೇಲ್ಮೈಯಲ್ಲಷ್ಟೇ ನಿಂತಿರುತ್ತದೆ, ಒಳಗೆ ನೂಲು ಬೆಳ್ಳಗೇ ಇರುತ್ತದೆ. ಅದಕ್ಕೇ ಹೊಸದರಲ್ಲಿ ಬಣ್ಣ ಬಿಡುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಎನ್ನುತ್ತಾರೆ, ನಾನು ಮಾಡಿ ನೋಡಿದೆ, ನಿಲ್ಲಲಿಲ್ಲ. ಮೊದಲ ಮೂರು ನಾಲ್ಕು ಸಲ ಬೇರೆಯಾಗಿ ಒಗೆಯುವುದೇ ದಾರಿ. ಬಿಳಿ ಕುರ್ತಾ, ಬಿಳಿ ಹೊದಿಕೆಯ ಹಾಸಿಗೆ ಅಲ್ಲಿಯವರೆಗೆ ದೂರವಿರಲಿ.

ಹಳೆಯದನ್ನು ಕೌದಿಗೆ ಹಾಕಲು ಹೋಗಬೇಡಿ, ಕೈಸೂಜಿ ಮುರಿಯುತ್ತದೆ. ಚೀಲ ಹೊಲಿಸಿ. ಮಗಳ ಮೊದಲ ಜೀನ್ಸಿನಿಂದ ನಮ್ಮ ಅತ್ತೆಗೆ ಹೊಲಕ್ಕೆ ಬುತ್ತಿ ಒಯ್ಯುವ ಚೀಲ ಆಗಿದೆ. ಹಿಂದಿನ ಜೇಬನ್ನು ಹಾಗೇ ಉಳಿಸಿದ್ದೇನೆ, ಅದರಲ್ಲಿ ಅವರ ಎಲೆ ಅಡಿಕೆ, ಸುಣ್ಣದ ಡಬ್ಬಿ.