ಮಾಸ್ತರರ ಕಣ್ಣು ತಪ್ಪಿಸಿ

ಮಾಸ್ತರರು ಪ್ರಶ್ನೆ ಕೇಳಿ ಮುಗಿಸುವುದಕ್ಕೂ ಒಬ್ಬನ ಹೆಸರು ಹಿಡಿದು ಕೂಗುವುದಕ್ಕೂ ನಡುವೆ ಒಂದು ಗಳಿಗೆ ಇರುತ್ತದೆ. ಗಡಿಯಾರ ಹಿಡಿದು ನೋಡಿದರೆ ಅದು ಎರಡು ಸೆಕೆಂಡು ಕೂಡ ಆಗಲಿಕ್ಕಿಲ್ಲ. ಆದರೆ ಅಷ್ಟರೊಳಗೆ ಅರವತ್ತು ಹುಡುಗರ ತರಗತಿಯಲ್ಲಿ ನಡೆಯುವಷ್ಟು ಕೆಲಸ ಸರಕಾರಿ ಕಚೇರಿಯಲ್ಲಿ ಇಡೀ ದಿನಕ್ಕೂ ನಡೆಯುವುದಿಲ್ಲ. ಕೇಂದ್ರ ಸರಕಾರದ ಗುಮಾಸ್ತರಾದ ನಾವೇ ಇದನ್ನು ಹೇಳುತ್ತಿರುವುದರಿಂದ ಓದುಗರು ಧಾರಾಳವಾಗಿ ನಂಬಬಹುದು.

ನಾವು ಎಂದರೆ ಯಾರೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉತ್ತರ ಕರ್ನಾಟಕದ ತಾಲೂಕು ಊರುಗಳ ಕನ್ನಡ ಶಾಲೆಗಳಲ್ಲಿ 1990ರ ದಶಕದಲ್ಲಿ ಓದಿ, ಹೇಗೋ ಬಿ.ಎಸ್ಸಿ. ದಾಟಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಕೈಗೆ ಆರ್ಡರು ಬಂದ ದಿನ ಮುಂಬಯಿಯ ರೈಲು ಹತ್ತಿದವರು. ಇಂಥವರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಸಂಘದ ಕಾರ್ಯಕ್ರಮಗಳಲ್ಲಿ ನಮ್ಮನ್ನು ಗುರುತಿಸುವುದು ಸುಲಭ. ಮುಂದಿನ ಸಾಲು ಖಾಲಿ ಇದ್ದರೂ ನಾವು ಐದನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಕುಳಿತಿರುತ್ತೇವೆ.

ಐದನೆಯ ಸಾಲು ಏಕೆ, ಕೊನೆಯ ಸಾಲು ಏಕಲ್ಲ ಎಂದು ಕೇಳುವವರು ಈ ವಿದ್ಯೆಯಲ್ಲಿ ಪಳಗಿದವರಲ್ಲ. ಹಿಂದಿನ ಬೆಂಚಿನ ಮೇಲೆ ಮಾಸ್ತರರಿಗೆ ಸದಾ ಗುಮಾನಿ. ಮುಂದಿನ ಬೆಂಚು ಅವರ ಕೈಯಳತೆಯಲ್ಲೇ ಇರುತ್ತದೆ. ನಡುವಿನ ಬೆಂಚಿನವರು ಮಾತ್ರ ಮನೆಯ ಎರಡನೆಯ ಮಗನಂತೆ, ಯಾರ ಲಕ್ಷ್ಯಕ್ಕೂ ಬೀಳದೆ ಬೆಳೆಯುತ್ತಾರೆ. ನಮ್ಮ ಮುಂದೆ ಒಬ್ಬ ದಢೂತಿ ಗೆಳೆಯ ಕೂರುತ್ತಿದ್ದ. ಅವನ ಬೆನ್ನು ನಮಗೆ ಕೋಟೆಯ ಗೋಡೆ. ಅವನು ಜ್ವರವೆಂದು ಶಾಲೆಗೆ ಬಾರದ ದಿನ ನಮಗೂ ಮೈ ಬಿಸಿಯಾಗುತ್ತಿತ್ತು.

ಪ್ರಶ್ನೆ ಬಿದ್ದೊಡನೆ ತಲೆ ತಗ್ಗಿಸುವವನು ಅನನುಭವಿ. ತಗ್ಗಿದ ತಲೆ ಮಾಸ್ತರರಿಗೆ ಬೇಗ ಕಾಣುತ್ತದೆ. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದೂ ಅಪಾಯವೇ. ಕರಿಹಲಗೆಯ ಮೇಲಿನ ಮೂಲೆಯಲ್ಲಿ ಬರೆದ ಹಾಜರಿ ಸಂಖ್ಯೆಯನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರೆ, ಉತ್ತರ ನಾಲಗೆಯ ತುದಿಗೆ ಬಂದು ನಿಂತಿದೆ ಎಂಬ ಭಾವ ಮುಖದ ಮೇಲೆ ಮೂಡುತ್ತದೆ. ಇದು ಸಾಧ್ಯವಾಗದವರು ಕಂಪಾಸು ಪೆಟ್ಟಿಗೆಯನ್ನು ಕೆಳಗೆ ಬೀಳಿಸಿ ಬೆಂಚಿನಡಿಗೆ ಇಳಿಯುತ್ತಿದ್ದರು. ಬೇರೊಬ್ಬನ ಹೆಸರು ಕಿವಿಗೆ ಬೀಳುವವರೆಗೆ ಅವರಿಗೆ ಕೈವಾರ ಸಿಗುತ್ತಲೇ ಇರಲಿಲ್ಲ. ಇನ್ನೂ ಮುಂದಾಲೋಚನೆಯುಳ್ಳವರು ಸೇವೆಗೆ ನಿಲ್ಲುತ್ತಿದ್ದರು: ಸುಣ್ಣದ ಕಡ್ಡಿ ತರುವುದು, ಹೆಡ್‌ಮಾಸ್ತರರ ಕೋಣೆಯಿಂದ ಭಾರತದ ನಕಾಶೆ ಹೊತ್ತು ತರುವುದು, ಕಡೆಗೆ ಬೆತ್ತವನ್ನೇ ತರುವುದು. ಬೆತ್ತ ತಂದವನಿಗೆ ಅಂದು ಏಟು ಬೀಳುವುದಿಲ್ಲ ಎಂಬುದು ನಮ್ಮ ಶಾಲೆಯ ಬರೆಯದ ಕಾನೂನಾಗಿತ್ತು.

ಎಲ್ಲಕ್ಕಿಂತ ಗಂಡೆದೆ ಬೇಕಾದದ್ದು ಕೈ ಎತ್ತುವ ಉಪಾಯಕ್ಕೆ. ತರಗತಿಯಲ್ಲಿ ಮೂವತ್ತು ಕೈ ಮೇಲೆದ್ದಾಗ ಮಾಸ್ತರರು ಸಾಮಾನ್ಯವಾಗಿ ಎತ್ತದವನನ್ನೇ ಎಬ್ಬಿಸುತ್ತಾರೆ. ಆದ್ದರಿಂದ ಏನೂ ಗೊತ್ತಿಲ್ಲದವನು ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿ, 'ಸರ್, ಸರ್' ಎಂದು ಕೂಗಬೇಕು. ವರ್ಷದಲ್ಲಿ ಒಂದೆರಡು ಸಲ ಇದು ತಿರುಗಿಬೀಳುತ್ತಿತ್ತು. ಆ ದಿನಗಳ ವರ್ಣನೆ ಇಲ್ಲಿ ಬೇಡ.

ನಮ್ಮ ಗಣಿತದ ಮಾಸ್ತರರಿಗೆ ಈ ಎಲ್ಲ ಉಪಾಯಗಳೂ ಗೊತ್ತಿದ್ದವು. ಅವರು ತಾರೀಖು ನೋಡಿ ಎಬ್ಬಿಸುತ್ತಿದ್ದರು. ಇಂದು ಹದಿನಾಲ್ಕೇ? ಹಾಜರಿ ಪುಸ್ತಕದ ಹದಿನಾಲ್ಕನೆಯ ನಂಬರು ಏಳಬೇಕು. ಮೂವತ್ತೊಂದರ ಮೇಲಿನ ನಂಬರಿನವರು ಒಂದು ತಿಂಗಳು ಬಲು ನೆಮ್ಮದಿಯಿಂದ ಇದ್ದರು. ಮರುತಿಂಗಳು ಅವರು ತಾರೀಖಿಗೆ ಮೂವತ್ತು ಕೂಡಿಸತೊಡಗಿದರು. ಎದ್ದು ನಿಂತವನು ಹದಿನೇಳರ ಮಗ್ಗಿ ಹೇಳಬೇಕು. ಕುಳಿತಿದ್ದಾಗ ಹದಿನೇಳೆಂಟಲೆ ನೂರಾ ಮೂವತ್ತಾರು ಎಂಬುದು ಉಸಿರಿನಷ್ಟು ಸಲೀಸು. ನಿಂತೊಡನೆ ಅದೇ ಎಂಟಲೆ ಎಲ್ಲಿಗೆ ಹಾರಿಹೋಗುತ್ತಿತ್ತೋ ದೇವರೇ ಬಲ್ಲ.

ಇಲ್ಲಿ ಒಂದು ಮಾತನ್ನು ಗಂಭೀರವಾಗಿ ಹೇಳಬೇಕು. ಉತ್ತರ ಗೊತ್ತಿಲ್ಲದವರಷ್ಟೇ ಹೀಗೆ ಅಡಗುತ್ತಾರೆ ಎಂದು ಮಾಸ್ತರರೂ ತಂದೆತಾಯಿಗಳೂ ತಿಳಿಯುತ್ತಾರೆ. ಅಡಗುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಉತ್ತರ ಗೊತ್ತೇ ಇರುತ್ತಿತ್ತು. ನಮ್ಮ ಭಯವಿದ್ದುದು ಬೇರೆಯದಕ್ಕೆ. ಬೆತ್ತದ ಉರಿ ಸಂಜೆ ಚಿಣಿದಾಂಡು ಆಡುವ ಹೊತ್ತಿಗೆ ಮರೆತುಹೋಗುತ್ತದೆ. ಅರವತ್ತು ಹುಡುಗರು ಒಟ್ಟಿಗೆ ನಕ್ಕ ನಗೆ ಮರೆಯುವುದಿಲ್ಲ. ಒಬ್ಬ ಗೆಳೆಯ ಏಳನೆಯ ಇಯತ್ತೆಯಲ್ಲಿ ಎದ್ದು ನಿಂತು, ಕಾವೇರಿ ಅರಬ್ಬಿ ಸಮುದ್ರವನ್ನು ಸೇರುತ್ತದೆ ಎಂದು ಹೇಳಿದ. ಅಂದಿನಿಂದ ಅವನ ಹೆಸರು ಅರಬ್ಬಿ. ಈಗ ಅವನಿಗೆ ನಲವತ್ತು ದಾಟಿದೆ, ತಲೆ ನೆರೆತಿದೆ. ನಮ್ಮ ಶಾಲೆಯ ವಾಟ್ಸಪ್ ಗುಂಪಿನಲ್ಲಿ ಅವನು ಇಂದಿಗೂ ಅರಬ್ಬಿಯೇ. ಆ ದಿನದ ನಂತರ ಹತ್ತನೆಯ ಇಯತ್ತೆ ಮುಗಿಯುವವರೆಗೆ ಅವನು ತಾನಾಗಿ ಬಾಯಿ ತೆರೆದದ್ದನ್ನು ನಾವು ಕಾಣಲಿಲ್ಲ.

ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದಾಗ ಈ ಆಟದ ತಮಾಷೆ ಮುಗಿಯಿತು. ಅದುವರೆಗೆ ಕನ್ನಡದಲ್ಲಿದ್ದ ಜಗತ್ತು ಜೂನ್ ತಿಂಗಳ ಒಂದು ಸೋಮವಾರ ಇಂಗ್ಲಿಷಾಯಿತು. ಜಡತ್ವ ಹೋಗಿ ಇನರ್ಷಿಯಾ ಬಂತು, ವೇಗೋತ್ಕರ್ಷ ಹೋಗಿ ಆಕ್ಸಿಲರೇಷನ್ ಬಂತು, ದ್ಯುತಿಸಂಶ್ಲೇಷಣೆ ಎಂದು ನಾಲಗೆ ಹೊರಳಿಸಿ ಕಲಿತದ್ದು ಫೋಟೋಸಿಂಥೆಸಿಸ್ ಆಗಿ ಕುಳಿತಿತು. ಬಸ್ಸು ಗಕ್ಕನೆ ನಿಂತಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವುದೇಕೆ ಎಂದು ಉಪನ್ಯಾಸಕರು ಇಂಗ್ಲಿಷಿನಲ್ಲಿ ಕೇಳಿದರು. ದಿನಾ ಹನ್ನೆರಡು ಮೈಲಿ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿದ್ದೀತು? ಆದರೆ ಗೊತ್ತಿದ್ದದ್ದನ್ನು ಕನ್ನಡದಿಂದ ಇಂಗ್ಲಿಷಿಗೆ ಸಾಗಿಸುವಷ್ಟರಲ್ಲಿ ಪ್ರಶ್ನೆ ನಮ್ಮ ಬೆಂಚು ದಾಟಿ, ಸ್ಕೂಟರಿನಲ್ಲಿ ಬರುವ ಕಾನ್ವೆಂಟಿನ ಹುಡುಗನ ಬಳಿಗೆ ಹೋಗಿರುತ್ತಿತ್ತು. ಅವನು ಹೇಳುವ ಉತ್ತರ ನಾವು ಹೇಳಬೇಕೆಂದಿದ್ದುದೇ.

ನಮ್ಮ ಶಾಲೆಯಿಂದ ಎಂಟು ಮಂದಿ ವಿಜ್ಞಾನಕ್ಕೆ ಸೇರಿದ್ದೆವು. ಅವರಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದವನು ದೀಪಾವಳಿ ರಜೆಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಒಂದು ದಿನ ತರಗತಿಯಲ್ಲಿ ಅವನನ್ನು ಎಬ್ಬಿಸಿ, ಅವನ ಇಂಗ್ಲಿಷನ್ನು ಅವನಂತೆಯೇ ಆಡಿ ತೋರಿಸಿದ್ದರು. ತರಗತಿ ನಕ್ಕಿತ್ತು. ಅವನು ಈಗ ಊರಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಸುಖವಾಗಿಯೇ ಇದ್ದಾನೆ. ಲೆಕ್ಕವನ್ನು ಬಾಯಲ್ಲೇ ಮಾಡುತ್ತಾನೆ, ಕ್ಯಾಲ್ಕುಲೇಟರು ಮುಟ್ಟುವುದಿಲ್ಲ. ಊರಿಗೆ ಹೋದಾಗ ಅವನ ಅಂಗಡಿಯಲ್ಲಿ ಕುಳಿತು ಚಹಾ ಕುಡಿಯುತ್ತೇವೆ. ಕಾಲೇಜಿನ ಮಾತನ್ನು ಅವನೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ.

ನೌಕರಿ ಸಿಕ್ಕ ಮೇಲೆ ಯಾರು ಎಬ್ಬಿಸುತ್ತಾರೆ ಎಂದುಕೊಂಡರೆ ಅದೂ ಸುಳ್ಳಾಯಿತು. ಕೇಂದ್ರ ಸರಕಾರದ ಕಚೇರಿಗಳಲ್ಲಿ ಹಿಂದಿ ಕಾರ್ಯಶಾಲೆ ಎಂಬುದೊಂದು ಇದೆ. 1976ರ ರಾಜಭಾಷಾ ನಿಯಮಗಳಂತೆ ಕರ್ನಾಟಕ 'ಗ' ಕ್ಷೇತ್ರ, ಮಹಾರಾಷ್ಟ್ರ 'ಖ' ಕ್ಷೇತ್ರ. ಮೆಟ್ರಿಕ್ಕಿನಲ್ಲಿ ಹಿಂದಿಯನ್ನು ಒಂದು ವಿಷಯವಾಗಿ ಓದಿ ಪಾಸಾದವನಿಗೆ ಹಿಂದಿಯಲ್ಲಿ ಕೆಲಸ ಮಾಡುವಷ್ಟು ಜ್ಞಾನವಿದೆ ಎಂದು ಅದೇ ನಿಯಮಗಳು ಭಾವಿಸುತ್ತವೆ. ಮೂರನೆಯ ಭಾಷೆಯಾಗಿ ಹಿಂದಿಯನ್ನು ಹೇಗೆ ಪಾಸು ಮಾಡಿದೆವೆಂಬುದು ನಮಗೆ ಗೊತ್ತು, ನಿಯಮಗಳಿಗೆ ಗೊತ್ತಿಲ್ಲ. ಹೀಗಾಗಿ ವರ್ಷದಲ್ಲಿ ಕೆಲವು ದಿನ ನಾವು ಮತ್ತೆ ವಿದ್ಯಾರ್ಥಿಗಳು.

ಆ ಕೋಣೆಯನ್ನು ಓದುಗರು ಒಮ್ಮೆ ನೋಡಬೇಕಿತ್ತು. ತಮಿಳರು, ಮಲೆಯಾಳಿಗಳು, ತೆಲುಗರು, ನಾವು. ಎಲ್ಲರಿಗೂ ನಲವತ್ತು ಐವತ್ತು ವಯಸ್ಸು, ಕೆಲವರಿಗೆ ಮೊಮ್ಮಕ್ಕಳು. ಹಿಂದಿ ಅಧಿಕಾರಿಗಳು, 'ಈ ವಾಕ್ಯವನ್ನು ಯಾರು ಓದುತ್ತೀರಿ?' ಎಂದರೆ ಸಾಕು, ಹದಿನೈದು ಮಂದಿಯ ಕಣ್ಣು ಒಟ್ಟಿಗೆ ಹಾಳೆಯ ಮೇಲೆ ಬೀಳುತ್ತದೆ. ಒಬ್ಬರ ಪೆನ್ನು ಕೆಳಗುರುಳುತ್ತದೆ. ಇನ್ನೊಬ್ಬರಿಗೆ ಸಾಹೇಬರ ಫೋನು ಬರುತ್ತದೆ. ಕಾರಣ ಇಷ್ಟೇ: ಹಿಂದಿಯಲ್ಲಿ ಮೇಜು ಹೆಣ್ಣು, ಕಾಗದ ಗಂಡು. ಒಂದೇ ಪತ್ರವನ್ನು ಪತ್ರ ಎಂದರೆ ಗಂಡು, ಚಿಟ್ಠಿ ಎಂದರೆ ಹೆಣ್ಣು. ಇಪ್ಪತ್ತು ವರ್ಷ ಫೈಲು ಹೊತ್ತವರಿಗೆ ಆ ಫೈಲು ಸ್ತ್ರೀಲಿಂಗವೆಂದು ಅಲ್ಲಿ ತಿಳಿಯುತ್ತದೆ. ನಮ್ಮ ಹಿಂದಿ ಅಧಿಕಾರಿಗಳು ಒಳ್ಳೆಯವರು, ನಗುವವರಲ್ಲ. ಆದರೂ ಅಂಜಿಕೆ ಹೋಗಿಲ್ಲ. ಬೆತ್ತವಿಲ್ಲ, ಫೇಲು ಎಂಬುದಿಲ್ಲ, ಕೊನೆಯಲ್ಲಿ ಸಮೋಸಾ ಚಹಾ ಬೇರೆ ಇದೆ. ಹಾಗಿದ್ದೂ ಮೂವತ್ತು ವರ್ಷದ ಹಿಂದಿನ ಆ ಎರಡು ಸೆಕೆಂಡು ಹಾಗೇ ಉಳಿದಿದೆ.

ಆ ಸೆಕೆಂಡುಗಳನ್ನು ನಿಜವಾಗಿಯೇ ಅಳೆದವರಿದ್ದಾರೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ವಿದುಷಿ 1970ರ ದಶಕದಲ್ಲಿ ತರಗತಿಗಳ ಮಾತನ್ನು ಟೇಪಿನಲ್ಲಿ ಹಿಡಿದು ಪರೀಕ್ಷಿಸಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡು ಎಂದು ಅವರು ಕಂಡರು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆ. ಜಾಣರೆಂದು ಎಣಿಸಿದ ಮಕ್ಕಳಿಗೆ ಕೊಂಚ ಹೆಚ್ಚು ಹೊತ್ತು, ಹಿಂದುಳಿದವರೆಂದು ಎಣಿಸಿದವರಿಗೆ ಕಡಿಮೆ ಹೊತ್ತು. ಅದೇ ಶಿಕ್ಷಕರು ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ತೆರೆಯದವರೂ ತೆರೆದರು, 'ಗೊತ್ತಿಲ್ಲ' ಎಂಬುದು ಕಡಿಮೆಯಾಯಿತು. ನಮ್ಮ ಗೊಬ್ಬರದ ಅಂಗಡಿಯ ಗೆಳೆಯನಿಗೆ ಬೇಕಾಗಿದ್ದುದು ಬಹುಶಃ ಇನ್ನೆರಡು ಸೆಕೆಂಡು.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರು ಮುಂಬಯಿಯಲ್ಲಿ ಅನೇಕರು. ಅಂಥ ಒಬ್ಬರು ನಮಗೆ ಹೇಳಿದರು: 'ನಮ್ಮ ಮಾಸ್ತರರು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದರು ಮಾರಾಯ್ರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದ ಹುಡುಗರು, ಅರ್ಧ ನಿದ್ದೆ. ಕಣ್ಣು ಬಿಟ್ಟು, ಪ್ರಶ್ನೆ ನೆನಪು ಮಾಡಿಕೊಂಡು, ಉತ್ತರ ಹೇಳುವವರೆಗೆ ಅವರು ಕದಲುತ್ತಿರಲಿಲ್ಲ.'

ಬೆತ್ತ ಈಗ ಕಾನೂನಿನಿಂದ ಹೋಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವನ್ನು ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆದರೆ ಆ ಕಲಮು ಶಾಲೆಗೆ ಸಂಬಂಧಿಸಿದ್ದು. ಮನೆಯ ಪಡಸಾಲೆಗೆ ಅದು ಅನ್ವಯಿಸುವುದಿಲ್ಲ. ನಾವು ಇಷ್ಟು ದೂರ ಬಂದದ್ದು ಪಡಸಾಲೆಯ ಮಾತನ್ನು ಹೇಳಲಿಕ್ಕೇ.

ನಮ್ಮ ಮಕ್ಕಳ ಶಾಲೆ ಇಂಗ್ಲಿಷಿನದು. 2020ರ ಕಾಯ್ದೆಯಂತೆ ಮರಾಠಿ ಕಡ್ಡಾಯ. ಹಿಂದಿ ಬೀದಿಯಲ್ಲೂ ಟಿ.ವಿ.ಯಲ್ಲೂ ಬರುತ್ತದೆ. ಕನ್ನಡಕ್ಕೆ ಉಳಿದಿರುವುದು ಅಡಿಗೆಮನೆ ಮತ್ತು ಊರಿನ ಫೋನು. ಭಾನುವಾರ ಅಜ್ಜಿಯ ಫೋನು ಬಂದೊಡನೆ ಮಕ್ಕಳು ಏನು ಮಾಡುತ್ತಾರೆ ಗಮನಿಸಿದ್ದೀರಾ? ಒಬ್ಬಳಿಗೆ ಆಗಲೇ ಸ್ನಾನದ ನೆನಪಾಗುತ್ತದೆ. ಇನ್ನೊಬ್ಬನ ರಬ್ಬರು ಮಂಚದಡಿ ಉರುಳುತ್ತದೆ. ಮೂರನೆಯವನು ಎಂದೂ ಇಲ್ಲದ ಶ್ರದ್ಧೆಯಿಂದ ಹೋಮ್‌ವರ್ಕಿಗೆ ಕೂರುತ್ತಾನೆ. ಇದು ನಮಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಯಾರೂ ಕಲಿಸದೆ ಮಕ್ಕಳಿಗೆ ಬಂದಿದೆ.

ಅಜ್ಜಿಯ ಮೇಲೆ ಪ್ರೀತಿಯಿಲ್ಲ ಎಂದು ಊರಿನವರು ಅನ್ನುತ್ತಾರೆ. ಹಾಗಲ್ಲ. ಹೋದ ಬೇಸಿಗೆಯಲ್ಲಿ ಊರಿನ ಮನೆಯಲ್ಲಿ ನಮ್ಮ ಕಿರಿಯ ಮಗಳು ಹೊರಗಿನಿಂದ ಓಡಿಬಂದು, 'ಅಜ್ಜಿ ಬಂದ!' ಎಂದು ಕೂಗಿದಳು. ಸಂತೋಷದಿಂದ ಕೂಗಿದ್ದು. ಕುಳಿತಿದ್ದ ನೆಂಟರೊಬ್ಬರು, 'ಯಾಕವ್ವಾ, ನಿಮ್ಮಜ್ಜಿಗೆ ಮೀಸಿ ಬಂದಾವೇನ?' ಎಂದರು. ಪಡಸಾಲೆಯೆಲ್ಲ ನಕ್ಕಿತು. ಅವರೇನೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮಗು ಒಂದು ಕ್ಷಣ ನಿಂತು ಎಲ್ಲರ ಮುಖ ನೋಡಿತು. ಆಮೇಲೆ ನಾವು ಮುಂಬಯಿಗೆ ಹೊರಡುವವರೆಗೆ ಅಷ್ಟು ಜನರ ಮುಂದೆ ಅವಳ ಬಾಯಿಂದ ಬಂದದ್ದು ಹೂಂ, ಊಹೂಂ ಎರಡೇ. ನಮಗೆ ನಮ್ಮ ಅರಬ್ಬಿ ನೆನಪಾದ.

ಹೊರನಾಡಿನಲ್ಲಿ ಕನ್ನಡ ಉಳಿಯಲಿ ಎಂದು ನವೆಂಬರಿನಲ್ಲಿ ಭಾಷಣಗಳನ್ನು ಕೇಳುತ್ತೇವೆ. ಉಳಿಯಬೇಕಾದರೆ ಮಕ್ಕಳು ತಪ್ಪು ಕನ್ನಡ ಆಡಬೇಕು, ಬಹಳ ಆಡಬೇಕು. ಸಂಘದ ಭಾನುವಾರದ ಕನ್ನಡ ತರಗತಿಗೆ ಪಾಠ ಹೇಳಲು ಹೋಗುವ ನಮ್ಮ ಸದಸ್ಯ ಬಂಧುಗಳಲ್ಲಿ ನಾವು ಕೇಳಿಕೊಳ್ಳುವುದು ಎರಡೇ: ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ, ಮಗು 'ಅಜ್ಜಿ ಬಂದ' ಎಂದರೆ 'ಹೌದಾ, ಅಜ್ಜಿ ಬಂದಳೇ? ಏನು ತಂದಳು?' ಎಂದು ಮಾತು ಮುಂದುವರಿಸಿ. ತಿದ್ದಿದ್ದೂ ಆಯಿತು, ನಕ್ಕಂತೆಯೂ ಆಗಲಿಲ್ಲ.

ಇದನ್ನು ನಾವು ಕಲಿತದ್ದು ಸ್ವತಃ ಆ ಅಜ್ಜಿಯಿಂದಲೇ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕಿವಿಯೂ ಈಚೆಗೆ ಮಂದವಾಗಿದೆ. ಮೊಮ್ಮಗಳು ಏನೋ ಹೇಳುತ್ತಾಳೆ. ಅವರು, 'ಏನಂದಿ ಕೂಸ? ಇನ್ನೊಮ್ಮಿ ಹೇಳು' ಎಂದು ಫೋನು ಕಿವಿಗೊತ್ತಿಕೊಂಡು ಕಾಯುತ್ತಾರೆ. ಅವರಿಗೆ ಅವಸರವಿಲ್ಲ. ಮಗು ಮಾತನ್ನು ತಿರುಗಿಸಿ, ಬೇರೆ ಶಬ್ದ ಹುಡುಕಿ, ನಡುವೆ ಒಂದು ಮರಾಠಿ ತುರುಕಿ ಮತ್ತೊಮ್ಮೆ ಹೇಳುತ್ತಾಳೆ. ಈಗ ಭಾನುವಾರ ಫೋನು ಬಂದರೆ ಅವಳಿಗೆ ಸ್ನಾನದ ನೆನಪಾಗುವುದಿಲ್ಲ. ಹೋದ ವಾರ ಹನ್ನೊಂದು ನಿಮಿಷ ಮಾತು ನಡೆಯಿತು. ಬೆಕ್ಕು ಮರಿ ಹಾಕಿದ ಸುದ್ದಿ, ಮಳೆಯ ಸುದ್ದಿ, ಹಲ್ಲು ಬಿದ್ದ ಸುದ್ದಿ. ತಪ್ಪುಗಳು ಎಷ್ಟಿದ್ದವೆಂದು ಮನೆಯಲ್ಲಿ ಯಾರೂ ಎಣಿಸಲಿಲ್ಲ.