ಕಾಳಿ ಕಡಲಿಗೆ, ನಾವು ಮುಂಡಗೋಡಕ್ಕೆ

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆ ಪ್ರವಾಸ ಹೊರಟವರಿಗೆಂದೇ ಹುಟ್ಟಿದಂತಿದೆ. ರಜೆಗೆ ಎರಡು ತಿಂಗಳು ಮೊದಲೇ ನಕ್ಷೆ ಹರಡಿಕೊಂಡು ಕೂರುತ್ತೇವೆ. ಎಲ್ಲಿ ತಿಂಡಿ, ಎಲ್ಲಿ ಊಟ, ಎಲ್ಲಿ ವಸತಿ ಎಂದು ಗಂಟೆಯ ಲೆಕ್ಕದಲ್ಲಿ ಬರೆದಿಡುತ್ತೇವೆ. ಮಳೆಯಾಗಲಿ, ರಸ್ತೆಯಾಗಲಿ, ವಾಹನವಾಗಲಿ ನಮ್ಮ ಪಟ್ಟಿಯನ್ನು ಓದಿರುವುದಿಲ್ಲ. ಅರ್ಧ ದಾರಿಯಲ್ಲಿ ಯೋಜನೆ ಬದಲಿಸಬೇಕಾಗಿ ಬಂದಾಗ ಹಿರಿಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಹಿಂದಿನ ಸೀಟಿನ ಮಕ್ಕಳು ನೋಡುತ್ತಲೇ ಇರುತ್ತಾರೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ನಾವು ಮಾಡಿದ ಪ್ರವಾಸವನ್ನು ಇಲ್ಲಿ ಬರೆಯುತ್ತಿರುವುದು ಆ ಕಾರಣಕ್ಕೆ.

ಕಳೆದ ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, ತಂಗಿ, ಅವಳ ಇಬ್ಬರು ಮಕ್ಕಳು ಬಾಡಿಗೆಯ ಕ್ಯಾರವಾನ್ ಒಂದರಲ್ಲಿ ಬೆಂಗಳೂರಿನಿಂದ ಹೊರಟೆವು. ಮಲಗಲು ಮಂಚ, ಪುಟ್ಟ ಅಡುಗೆ ಕಟ್ಟೆ, ನೀರಿನ ತೊಟ್ಟಿ ಎಲ್ಲ ಇರುವ ‘ಓಡುವ ಮನೆ’ ಅದು. ಒಂಬತ್ತು ದಿನಗಳ ಯೋಜನೆ. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೊಯಿಡಾ ನೋಡಿಕೊಂಡು, ಅಣಶಿ ಘಾಟಿ ಇಳಿದು ಕಾರವಾರ ಸೇರಿ, ಕರಾವಳಿಯುದ್ದಕ್ಕೂ ಸಾಗಿ ಹಿಂದಿರುಗುವುದು. ಆರನೇ ತರಗತಿಯ ಸೊಸೆಗೆ ಇದರಲ್ಲಿ ವಿಶೇಷ ಆಸಕ್ತಿ. ಅವಳು ಕಡಲನ್ನು ಕಂಡವಳಲ್ಲ. ಜೊಯಿಡಾದ ಡಿಗ್ಗಿ ಬಳಿ ಹುಟ್ಟುವ ಕಾಳಿ ನದಿ ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ ಎಂದು ಕೇಳಿದ್ದೇ, ‘ನದಿಯ ಜೊತೆಗೇ ನಾವೂ ಹೋಗೋಣ’ ಎಂದು ನೋಟ್‌ಬುಕ್ಕಿನಲ್ಲಿ ನೀಲಿ ಗೆರೆ ಎಳೆದುಕೊಂಡಿದ್ದಳು.

ಧಾರವಾಡದಿಂದ ಹಳಿಯಾಳದ ಕಡೆಗೆ ಹೊರಟರೆ ಬಯಲು ಸರಿದು ಕಾಡು ಹತ್ತಿರವಾಗುವುದನ್ನು ಕಣ್ಣಾರೆ ಕಾಣಬಹುದು. ಹಳಿಯಾಳದ ಹೊಲಗಳು ಮುಗಿಯುತ್ತಿದ್ದಂತೆ ತೇಗ, ಬಿದಿರು ಎದುರಾಗುತ್ತವೆ. ಹಿಂದೆ ಹಳಿಯಾಳ ತಾಲ್ಲೂಕಿಗೆ ಸೇರಿದ್ದ ದಾಂಡೇಲಿ ಈಗ ತಾನೇ ಒಂದು ತಾಲ್ಲೂಕು. ಕಾಗದದ ಕಾರ್ಖಾನೆ ಮತ್ತು ಕಾಡು ಎರಡಕ್ಕೂ ಹೆಸರಾದ ಊರು. 1956ರಲ್ಲಿ ಇಲ್ಲಿ ವನ್ಯಧಾಮವಾಯಿತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆಯಿತು.

ಹುಲಿ ಕಾಣುವುದು ಅದೃಷ್ಟದ ಮಾತು. ನಮಗೆ ಕಂಡದ್ದು ಮಂಗಟ್ಟೆ ಹಕ್ಕಿ. ಇದರ ನಾಲ್ಕು ಜಾತಿಗಳು ಈ ಕಾಡಿನಲ್ಲಿವೆ. ಬೇಸಿಗೆಯ ಹೊತ್ತಿಗೆ ಹೆಣ್ಣುಹಕ್ಕಿ ಮರದ ಪೊಟರೆ ಹೊಕ್ಕು, ಬಾಯಿಗೆ ಮೆತ್ತಿಕೊಂಡು ಒಂದು ಸಣ್ಣ ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸೀಳಿನ ಮೂಲಕ ತಿನ್ನಿಸುತ್ತದೆ. ಗಂಡಿಗೆ ಆಪತ್ತು ಬಂದರೆ ಒಳಗಿನ ಸಂಸಾರಕ್ಕೂ ಆಪತ್ತು. ಒಮ್ಮೆ ಗೂಡು ಹೊಕ್ಕ ಮೇಲೆ ಆ ತಾಯಿಗೆ ಯೋಜನೆ ಬದಲಿಸುವ ಅವಕಾಶ ಬಹಳ ಕಡಿಮೆ. ಈ ಮಾತು ಮರುದಿನ ನಮ್ಮ ಕೆಲಸಕ್ಕೆ ಬಂತು.

ಮರುದಿನ ಗಣೇಶಗುಡಿಯ ಸೂಪಾ ಅಣೆಕಟ್ಟೆಯನ್ನು ದೂರದಿಂದ ನೋಡಿ ಮುಂದೆ ಹೋದೆವು. 101 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. ಅದರ ಹಿಂದಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದೆ. ತಾಲ್ಲೂಕಿನ ಕೇಂದ್ರ ಜೊಯಿಡಾಕ್ಕೆ ಬಂದಿತು. ಅಷ್ಟು ಹೊತ್ತಿಗೆ ಮಳೆ ಹಿಡಿದಿತ್ತು. ಹಿಂಗಾರಿನ ಹೊತ್ತಿನ ಮಳೆ ಒಂದು ಗಂಟೆ ಸುರಿದು ಬಿಡುತ್ತದೆ ಎಂದುಕೊಂಡೆವು. ಅದು ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ಜೊಯಿಡಾದ ಚಹಾ ಅಂಗಡಿಯಲ್ಲಿ ಘಾಟಿ ಏರಿ ಬಂದ ಲಾರಿಯವರು, ಕೆಳಗೆ ಎದುರಿನ ವಾಹನವೇ ಕಾಣದಷ್ಟು ಮಂಜಿದೆ ಎಂದರು. ನಮ್ಮ ಚಾಲಕ ಎತ್ತರದ ವಾಹನವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, ‘ಇವತ್ತು ಬೇಡ ಸರ್’ ಎಂದ.

ಅವನ ಮಾತಿನಲ್ಲಿ ಒಳ್ಳೆಯ ಭೌತಶಾಸ್ತ್ರವಿತ್ತು. ತಿರುವಿನಲ್ಲಿ ವಾಹನವನ್ನು ದಾರಿಯಲ್ಲೇ ಹಿಡಿದಿಡಲು ಬೇಕಾದ ಪಕ್ಕದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಮಡಿ. ಆ ಬಲವನ್ನು ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ರಸ್ತೆ ಒದ್ದೆಯಾದರೆ ಅದೂ ಕಡಿಮೆ. ವಾಹನ ಎತ್ತರವಿದ್ದಷ್ಟೂ ಅದರ ಗುರುತ್ವ ಕೇಂದ್ರ ಮೇಲಕ್ಕೇರಿ ವಾಲುವ ಭಯ ಹೆಚ್ಚು. ಸಾಲದ್ದಕ್ಕೆ ನೀರಿನ ತೊಟ್ಟಿ. ಅರ್ಧ ತುಂಬಿದ ತೊಟ್ಟಿಯ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗುತ್ತದೆ. ನೂರು ಲೀಟರ್ ಎಂದರೆ ನೂರು ಕಿಲೋ ಭಾರ! ಅರ್ಧ ನೀರು ತುಂಬಿದ ತಟ್ಟೆಯನ್ನು ಹಿಡಿದು ಸರಕ್ಕನೆ ತಿರುಗಿ ನೋಡಿ, ನಿಮಗೇ ತಿಳಿಯುತ್ತದೆ. ಮಳೆಗಾಲದಲ್ಲಿ ಆ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದೂ ಉಂಟು. ನಡುವೆ ಸಿಕ್ಕಿಕೊಂಡರೆ ಹುಲಿ ಕಾಡಿನಲ್ಲಿ ಒಲೆ ಹೂಡಿ ಕೂರುವಂತಿಲ್ಲ.

ಹಾಗೆಂದು ಹಿಂದಿರುಗುವ ನಿರ್ಧಾರ ಸುಲಭವಾಗಿರಲಿಲ್ಲ. ಕಡಲತೀರದಲ್ಲಿ ಗೊತ್ತು ಮಾಡಿದ್ದ ತಂಗುದಾಣಕ್ಕೆ ಮುಂಗಡ ಕೊಟ್ಟಾಗಿತ್ತು. ತಂಗಿ ಹಣದ ಲೆಕ್ಕ ಹಾಕಿದಳು. ಸೊಸೆ ಮಾತಾಡಲಿಲ್ಲ. ನೋಟ್‌ಬುಕ್ ಮುಚ್ಚಿ ಕಿಟಕಿಯ ಕಡೆ ತಿರುಗಿದಳು. ಸಮಾಧಾನದ ಮಾತು ಅವಳಿಗೆ ಬೇಕಿರಲಿಲ್ಲ, ಕಾರಣ ಬೇಕಿತ್ತು. ಬಲದ ಲೆಕ್ಕವನ್ನು ಅವಳ ಮುಂದೆಯೇ ಬರೆದು ತೋರಿಸಿದೆ. ತಟ್ಟೆಯ ಪ್ರಯೋಗವನ್ನು ಅವಳೇ ಮಾಡಿ ನನ್ನ ಅಂಗಿ ಒದ್ದೆ ಮಾಡಿದಳು. ಒಂಬತ್ತನೇ ತರಗತಿಯ ಅಳಿಯನ ಕೈಗೆ ನಕ್ಷೆ ಕೊಟ್ಟು, ಘಾಟಿ ಇಳಿಯದೆ ಎಲ್ಲಿಗೆ ಹೋಗಬಹುದೋ ನೀನೇ ಹೇಳು ಎಂದೆವು. ಅವನು ಹಳಿಯಾಳಕ್ಕೆ ಮರಳಿ, ಕಲಘಟಗಿ ಹಾದು ಮುಂಡಗೋಡದ ಮೇಲೆ ಬೆರಳಿಟ್ಟ.

ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ನರ ಕಾಲೊನಿ ಆರಂಭವಾಯಿತು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ನೆಲೆ ಕಳೆದುಕೊಂಡು ಬಂದವರು ಇಲ್ಲಿ ಕಾಡಂಚಿನ ನೆಲವನ್ನು ಹಸನು ಮಾಡಿ ಮುಸುಕಿನ ಜೋಳ, ಭತ್ತ ಬೆಳೆದರು. ಲ್ಹಾಸಾ ಬಳಿ ಹದಿನೈದನೇ ಶತಮಾನದಲ್ಲಿ ಸ್ಥಾಪನೆಯಾದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿವೆ. ಸಂಜೆ ಅಂಗಳದಲ್ಲಿ ಎಳೆಯ ಭಿಕ್ಷುಗಳು ಶಾಸ್ತ್ರಚರ್ಚೆ ನಡೆಸಿದ್ದರು. ನಿಂತವನು ಪ್ರಶ್ನೆ ಎಸೆದು ಚಪ್ಪಾಳೆ ತಟ್ಟುತ್ತಾನೆ, ಕುಳಿತವನು ಉತ್ತರಿಸಬೇಕು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಈ ಭಿಕ್ಷುಗಳ ಪಾಠದಲ್ಲಿ ವಿಜ್ಞಾನವೂ ಸೇರಿದೆ. ವಿಜ್ಞಾನದ ಮೇಷ್ಟ್ರಾದ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಬೇಕಾಗಿಲ್ಲ.

‘ಇವರು ವಾಪಸ್ ಊರಿಗೆ ಹೋಗುವುದು ಯಾವಾಗ?’ ಎಂದು ಸೊಸೆ ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಯೋಚಿಸಿದರೆ ಈ ಸೀಮೆಯ ತುಂಬ ದಾರಿ ಬದಲಾದವರೇ ಇದ್ದಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಬಿಟ್ಟು ಬಂದ ಚನ್ನಬಸವಣ್ಣನವರ ಸಮಾಧಿ ಜೊಯಿಡಾ ತಾಲ್ಲೂಕಿನ ಉಳವಿಯಲ್ಲಿದೆ. ಹಳಿಯಾಳ, ಮುಂಡಗೋಡದ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದಿದ್ದರು. ಗೋವೆಯಿಂದ ತಪ್ಪಿಸಿಕೊಂಡವರಿಗೆ ಈ ಕಾಡು ಆಸರೆಯಾಯಿತು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸೂಪಾದವರ ಮನೆಗಳು ನೀರಿನಡಿ ಇವೆ. ಇವರ ಕಷ್ಟಕ್ಕೂ ನಮ್ಮ ರಜೆಗೂ ಹೋಲಿಕೆ ಸಲ್ಲದು. ನಮಗೆ ಹಿಂದಿರುಗಲು ಮನೆಯಿತ್ತು, ಬೇರೆ ದಾರಿ ಆರಿಸುವ ಸ್ವಾತಂತ್ರ್ಯವಿತ್ತು. ಇದು ಮಕ್ಕಳಿಗೆ ಹೊಳೆದಿದ್ದರೆ ಮುಂಗಡದ ಹಣ ನಷ್ಟವಾದುದಕ್ಕೆ ನನಗೆ ಬೇಸರವಿಲ್ಲ.

ಪಾಲಕರಿಗೊಂದು ಮಾತು. ಪರೀಕ್ಷೆಯ ಫಲಿತಾಂಶವೋ ಸೀಟೋ ಕೈತಪ್ಪಿ ಮಕ್ಕಳ ದಾರಿ ಬದಲಾಗುವ ದಿನ ಅನೇಕ ಮನೆಗಳಿಗೆ ಬರುತ್ತದೆ. ಅಂದು ಕಾರಣವನ್ನು ಕೂತು ನೋಡುವುದು, ಕಳೆದುದನ್ನು ಕಳೆದುದೆಂದು ಒಪ್ಪುವುದು, ಮುಂದಿನ ನಕ್ಷೆಯನ್ನು ಮಕ್ಕಳ ಕೈಗೆ ಕೊಡುವುದು ಒಮ್ಮೆಲೇ ಬರುವ ಅಭ್ಯಾಸಗಳಲ್ಲ. ಸಣ್ಣ ನಷ್ಟಗಳಲ್ಲಿ ಅವನ್ನು ರೂಢಿಸಿಕೊಳ್ಳಬೇಕು. ಸೊಸೆಗೆ ಕಡಲು ಇನ್ನೂ ಬಾಕಿ ಇದೆ. ಬೇಸಿಗೆಯಲ್ಲಿ ಹೋಗಬೇಕೆಂದು ಈಗಾಗಲೇ ಗೆರೆ ಎಳೆದಿಟ್ಟಿದ್ದಾಳೆ.

ಹೋಗಬಯಸುವವರಿಗೆ: ಧಾರವಾಡದಿಂದ ದಾಂಡೇಲಿ ಸುಮಾರು 55 ಕಿ.ಮೀ., ಹುಬ್ಬಳ್ಳಿಯಿಂದ ಮುಂಡಗೋಡ ಸುಮಾರು 50 ಕಿ.ಮೀ. ಬಸ್ಸುಗಳಿವೆ. ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತಕರ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮವನ್ನು ತಪ್ಪಿಸಬೇಡಿ, ದುರ್ಬೀನು ಜೊತೆಗಿರಲಿ. ವಿದೇಶಿ ಪಾಸ್‌ಪೋರ್ಟಿನ ನೆಂಟರು ಟಿಬೆಟನ್ ಕಾಲೊನಿಯಲ್ಲಿ ತಂಗಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಘಾಟಿ ಇಳಿಯುವ ಮುನ್ನ ಜೊಯಿಡಾದಲ್ಲಿ ವಿಚಾರಿಸಿಕೊಳ್ಳಿ.